ಇಲ್ಲೇ ಹೋಗಿ ಬರುವ ದಾರಿ ಮತ್ತು ಹೆಲ್ಮೆಟ್ಟಿನ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಬೈಕ್ ಇರುವ ಮನೆಯಲ್ಲಿ ಹೆಲ್ಮೆಟ್ ಇಲ್ಲ ಎನ್ನುವಂತಿಲ್ಲ. ಆದರೆ ಅದು ತಲೆಗೆ ಏರುವುದು ಪೇಟೆಯಲ್ಲಿ ಪೊಲೀಸರು ನಿಲ್ಲುವ ವೃತ್ತ ಹತ್ತಿರವಾದಾಗ ಮಾತ್ರ. ಅಲ್ಲಿಯವರೆಗೆ ಕನ್ನಡಿಗೆ ನೇತಾಡುತ್ತಲೋ ಟ್ಯಾಂಕಿನ ಮೇಲೆ ಕುಳಿತೋ ಪ್ರಯಾಣ ಮಾಡುತ್ತದೆ. ಡೇರಿಗೆ ಹಾಲು ಹಾಕಲು, ಸೊಸೈಟಿಯಿಂದ ಹಿಂಡಿ ತರಲು, ಪಕ್ಕದ ಊರಿನ ತಿಥಿಯೂಟಕ್ಕೆ ಹೊರಟವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: "ಇಲ್ಲೇ ಹೋಗಿ ಬರುತ್ತೇನೆ." ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಈ ಮಾತು ಹೊಸತಲ್ಲ. ದೂರ ಕಡಿಮೆ, ವೇಗ ಕಡಿಮೆ, ಆದ್ದರಿಂದ ಅಪಾಯವೂ ಕಡಿಮೆ ಎಂಬ ತರ್ಕ ಅದರಲ್ಲಿ ಅಡಗಿದೆ. ಹೆಲ್ಮೆಟ್ ಕುರಿತ ಬಹುಪಾಲು ವಾದಗಳು ಕೊನೆಗೆ ಈ ತರ್ಕಕ್ಕೇ ಬಂದು ನಿಲ್ಲುವುದರಿಂದ ಅದನ್ನು ಮೊದಲು ಬಿಡಿಸಿ ನೋಡುವುದು ಒಳ್ಳೆಯದು.

ಬೈಕಿನ ಮೇಲೆ ಕುಳಿತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಆ ಎತ್ತರದಿಂದ ಯಾವುದೇ ವಸ್ತು ಬಿದ್ದರೂ ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ 5.4 ಮೀಟರ್, ಅಂದರೆ ಗಂಟೆಗೆ ಹೆಚ್ಚುಕಡಿಮೆ 20 ಕಿಲೋಮೀಟರ್ ಆಗಿರುತ್ತದೆ. ಈ ಲೆಕ್ಕದಲ್ಲಿ ಬೈಕಿನ ವೇಗ ಎಲ್ಲಿಯೂ ಬಂದಿಲ್ಲ ಎಂಬುದನ್ನು ಗಮನಿಸಬೇಕು. ನಿಂತಿದ್ದ ಬೈಕ್ ವಾಲಿ ಬಿದ್ದರೂ, ಪಾಚಿಗಟ್ಟಿದ ಓಣಿಯಲ್ಲಿ ನಿಧಾನವಾಗಿ ಹೋಗುವಾಗ ಚಕ್ರ ಜಾರಿದರೂ, ಹೆದ್ದಾರಿಯಲ್ಲಿ ಅರವತ್ತರ ವೇಗದಲ್ಲಿ ಮಗುಚಿದರೂ, ಕೆಳಮುಖವಾಗಿ ತಲೆ ನೆಲಕ್ಕೆ ಬಡಿಯುವ ವೇಗ ಬಹುಮಟ್ಟಿಗೆ ಅಷ್ಟೇ. ಮುಂದಕ್ಕೆ ಸಾಗುವ ವೇಗ ದೇಹವನ್ನು ರಸ್ತೆಯ ಮೇಲೆ ಉಜ್ಜುತ್ತಾ ಒಯ್ಯುತ್ತದೆ. ದಾರಿಯಲ್ಲಿ ಮರ, ಮೋರಿಕಟ್ಟೆ, ಚಿರೆಕಲ್ಲಿನ ಗೋಡೆ ಅಥವಾ ಎದುರಿನ ಲಾರಿ ಸಿಕ್ಕಾಗ ಮಾತ್ರ ಅದು ನೇರವಾಗಿ ತಲೆಯ ಮೇಲೆ ಬರುತ್ತದೆ. ಹಾಗೆ ಬಂದಾಗ ಲೆಕ್ಕ ಬಹಳ ಕಠಿಣವಾಗುತ್ತದೆ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿಲೋಮೀಟರಿನ ಡಿಕ್ಕಿ ಆರು ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದದ್ದಕ್ಕೆ ಸಮ, 60ರ ಡಿಕ್ಕಿ ಹದಿನಾಲ್ಕು ಮೀಟರ್ ಎತ್ತರದ ಅಡಿಕೆ ಮರದ ತುದಿಯಿಂದ ಬಿದ್ದದ್ದಕ್ಕೆ ಸಮ. ನಿಧಾನವಾಗಿ ಹೋದರೆ ಡಿಕ್ಕಿಯ ಅಪಾಯ ತಗ್ಗುತ್ತದೆ, ಅದು ನಿಜ. ಆದರೆ ತಲೆ ನೆಲಕ್ಕೆ ಬೀಳುವ ಆ ಒಂದೂವರೆ ಮೀಟರ್ ತಗ್ಗುವುದಿಲ್ಲ.

ಗಂಟೆಗೆ 20 ಕಿಲೋಮೀಟರ್ ಕೇಳಲು ಸಣ್ಣ ವೇಗ. ಆದರೆ ಮುಖ್ಯವಾದದ್ದು ವೇಗವಲ್ಲ, ಆ ವೇಗ ಎಷ್ಟು ಜಾಗದಲ್ಲಿ ಸೊನ್ನೆಯಾಗುತ್ತದೆ ಎಂಬುದು. ಇದನ್ನು ತೆಂಗಿನ ತೋಟವಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮರದ ತುದಿಯಿಂದ ಬಿದ್ದ ಸುಲಿಯದ ಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಸುಲಿದ ಕಾಯಿ ಸೊಂಟದೆತ್ತರದಿಂದ ಕಲ್ಲಿನ ಮೇಲೆ ಬಿದ್ದರೂ ಹೋಳಾಗುತ್ತದೆ. ಎರಡರ ಒಳಗಿನ ಕರಟವೂ ಒಂದೇ, ನೀರೂ ಒಂದೇ. ವ್ಯತ್ಯಾಸವಿರುವುದು ಸಿಪ್ಪೆಯಲ್ಲಿ: ಅದು ತಾನು ಕುಗ್ಗಿ, ಕಾಯಿ ನಿಲ್ಲಲು ಒಂದಿಷ್ಟು ಜಾಗ ಕೊಡುತ್ತದೆ. ಹೆಲ್ಮೆಟ್ಟಿನಲ್ಲಿ ಈ ಸಿಪ್ಪೆಯ ಕೆಲಸ ಮಾಡುವುದು ಹೊರಗಿನ ಗಟ್ಟಿ ಚಿಪ್ಪಲ್ಲ, ಅದರ ಒಳಗೆ ಕೂರಿಸಿದ ಥರ್ಮಾಕೋಲಿನ ದಪ್ಪ ಪದರ. ಹೊರಚಿಪ್ಪು ಪೆಟ್ಟನ್ನು ಒಂದೇ ಬಿಂದುವಿನಲ್ಲಿ ನಿಲ್ಲಗೊಡದೆ ಹರಡುತ್ತದೆ, ಚೂಪಾದ ಕಲ್ಲು ಒಳಹೊಕ್ಕದಂತೆ ತಡೆಯುತ್ತದೆ, ರಸ್ತೆಯ ಮೇಲೆ ಜಾರಲು ಬಿಡುತ್ತದೆ. ಥರ್ಮಾಕೋಲ್ ಪುಡಿಯಾಗುತ್ತಾ ತಲೆಯನ್ನು ನಿಧಾನಗೊಳಿಸುತ್ತದೆ. ಬರಿಯ ತಲೆ ಕಾಂಕ್ರೀಟಿಗೆ ಬಡಿದು ಐದು ಮಿಲಿಮೀಟರಿನಲ್ಲಿ ನಿಂತಿತು ಎಂದುಕೊಂಡರೆ ಅದರ ಮೇಲೆ ಬೀಳುವ ಒತ್ತಡ ಗುರುತ್ವಬಲದ ಸುಮಾರು ಮುನ್ನೂರು ಪಟ್ಟು. ಅದೇ ತಲೆ ಇಪ್ಪತ್ತೈದು ಮಿಲಿಮೀಟರ್ ಕುಗ್ಗುವ ಪದರದ ಮೇಲೆ ನಿಂತರೆ ಅರವತ್ತು ಪಟ್ಟು. ಬದುಕಿಗೂ ಸಾವಿಗೂ ನಡುವಿನ ಅಂತರ ಅನೇಕ ಸಲ ಈ ಎರಡು ಸೆಂಟಿಮೀಟರ್.

ಥರ್ಮಾಕೋಲ್ ಒಮ್ಮೆ ಕುಗ್ಗಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಸರಿಯಾಗಿಯೇ ಕಂಡರೂ ಅದರ ಕೆಲಸ ಮುಗಿದಿದೆ ಎಂದೇ ತಿಳಿಯಬೇಕು.

ತಲೆಗೆ ಬಿದ್ದ ಪೆಟ್ಟು ಉಳಿದ ಪೆಟ್ಟುಗಳಂತಲ್ಲ ಎಂಬುದನ್ನು ನಾನು ಓದಿ ತಿಳಿದದ್ದಕ್ಕಿಂತ ಮನೆಯಲ್ಲಿ ನೋಡಿ ತಿಳಿದದ್ದು ಹೆಚ್ಚು. ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ಬೆಳಿಗ್ಗೆ, ನನ್ನ ಚಿಕ್ಕಪ್ಪ ಮನೆಯಿಂದ ಅರ್ಧ ಕಿಲೋಮೀಟರ್ ದೂರದ ಇಳುಕಲಿನಲ್ಲಿ ಸ್ಕೂಟರ್ ಜಾರಿ ಬಿದ್ದರು. ಎದ್ದರು, ಸ್ಕೂಟರ್ ಎತ್ತಿ ನಿಲ್ಲಿಸಿದರು, ಮನೆಗೆ ಬಂದು ಚಹಾ ಕುಡಿದರು, ಏನೂ ಆಗಿಲ್ಲ ಎಂದರು. ಎರಡು ಗಂಟೆ ಕಳೆಯುವಷ್ಟರಲ್ಲಿ ತಲೆನೋವು ಹೆಚ್ಚಾಗಿ ವಾಂತಿ ಶುರುವಾಯಿತು, ಮಾತು ತೊದಲಿತು. ವೈದ್ಯರು ನಂತರ ಹೇಳಿದ್ದು ಹೀಗೆ: ಕಣ್ಣಿಗೂ ಕಿವಿಗೂ ನಡುವಿನ ಎಲುಬು ತೆಳುವಾದದ್ದು, ಅದರ ಒಳಮೈಗೆ ಅಂಟಿಕೊಂಡು ಒಂದು ರಕ್ತನಾಳ ಹಾದುಹೋಗುತ್ತದೆ, ಎಲುಬು ಬಿರುಕು ಬಿಟ್ಟು ಆ ನಾಳ ಹರಿದರೆ ರಕ್ತ ತಲೆಬುರುಡೆಯ ಒಳಗೆ ನಿಧಾನವಾಗಿ ತುಂಬುತ್ತಾ ಮಿದುಳನ್ನು ಒತ್ತತೊಡಗುತ್ತದೆ. ಪೆಟ್ಟಿಗೂ ಪ್ರಜ್ಞೆ ತಪ್ಪುವುದಕ್ಕೂ ನಡುವೆ ರೋಗಿ ಸರಿಯಾಗಿರುವ ಆ ಹೊತ್ತು ಎಲ್ಲರನ್ನೂ ಮೋಸಗೊಳಿಸುತ್ತದೆ. ಬೇಗ ಬುರುಡೆ ತೆರೆದು ರಕ್ತ ತೆಗೆದರೆ ಬದುಕುತ್ತಾರೆ, ತಡವಾದರೆ ಇಲ್ಲ. ಚಿಕ್ಕಪ್ಪನನ್ನು ಹುಬ್ಬಳ್ಳಿಗೆ ಒಯ್ದೆವು, ಬದುಕಿದರು. ಆದರೆ ವಾಸನೆ ತಿಳಿಯುವ ಶಕ್ತಿ ಹೋಯಿತು. ಮೂಗಿನ ಮೇಲ್ಭಾಗದ ಎಲುಬಿನಲ್ಲಿರುವ ಸಣ್ಣ ರಂಧ್ರಗಳ ಮೂಲಕ ಮಿದುಳಿಗೆ ಹೋಗುವ ನರದ ಎಳೆಗಳು, ಬುರುಡೆಯೊಳಗೆ ಮಿದುಳು ಹೊಯ್ದಾಡಿದಾಗ ಕಡಿದುಹೋಗುವುದುಂಟು. ಅಡಿಕೆ ಬೇಯುವ ಹಂಡೆಯ ಮುಂದೆ ಕುಳಿತು, ಬೆಂದಿದೆಯೇ ಎಂದು ಮಗನನ್ನು ಕೇಳುವ ಅವರನ್ನು ನೋಡುವಾಗ ಇಂದಿಗೂ ಸಂಕಟವಾಗುತ್ತದೆ.

ಹುಬ್ಬಳ್ಳಿಗೆ ಒಯ್ದೆವು ಎಂಬ ಮಾತಿನಲ್ಲಿ ನಮ್ಮ ಜಿಲ್ಲೆಯ ವಿಶೇಷ ಕಷ್ಟವಿದೆ. ತಲೆಗೆ ಗಂಭೀರ ಪೆಟ್ಟಾದವರನ್ನು ಶಿರಸಿಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ, ಕಾರವಾರದಿಂದ ಗೋವಾದ ಬಾಂಬೋಳಿಗೆ, ಹೊನ್ನಾವರ, ಭಟ್ಕಳದ ಕಡೆಯಿಂದ ಮಣಿಪಾಲಕ್ಕೋ ಮಂಗಳೂರಿಗೋ ಸಾಗಿಸುವುದು ಇಲ್ಲಿನ ರೂಢಿ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತ ಮೇಲೆ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಬೀದಿಗೆ ಬಂದಿತು. ಆ ಬೇಡಿಕೆ ನ್ಯಾಯವಾದದ್ದು. ಘಟ್ಟ ಇಳಿದು ಹತ್ತಿ, ಮಳೆಗಾಲದಲ್ಲಿ ಗುಡ್ಡ ಕುಸಿಯದಿದ್ದರೆ ಮಾತ್ರ ತಲುಪಬಹುದಾದ ದೂರದಲ್ಲಿ ಶಸ್ತ್ರಚಿಕಿತ್ಸಾ ಕೊಠಡಿ ಇರುವಾಗ, ಬೀಳುವ ಆ ಕ್ಷಣದಲ್ಲೇ ತಲೆಯನ್ನು ಕಾಯುವ ವಸ್ತುವಿನ ಬೆಲೆ ದೊಡ್ಡ ನಗರದಲ್ಲಿರುವುದಕ್ಕಿಂತ ಇಲ್ಲಿ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಲ್ಮೆಟ್ ನಿಜವಾಗಿ ಎಷ್ಟು ಜೀವ ಉಳಿಸುತ್ತದೆ? ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು; ಅವರಲ್ಲಿ 50,029 ಜನ ಹೆಲ್ಮೆಟ್ ಧರಿಸದ ಸವಾರರು ಮತ್ತು ಹಿಂಬದಿ ಸವಾರರು. ಸಭೆಗಳಲ್ಲಿ ಈ ಸಂಖ್ಯೆಯನ್ನು ಹೇಳಿ ಅಲ್ಲಿಗೇ ನಿಲ್ಲಿಸುವುದುಂಟು, ಆದರೆ ಇದೊಂದರಿಂದಲೇ ಏನೂ ಸಿದ್ಧವಾಗುವುದಿಲ್ಲ. ಹೆಲ್ಮೆಟ್ ಹಾಕದವರೇ ರಸ್ತೆಯಲ್ಲಿ ಹೆಚ್ಚಿದ್ದರೆ ಸತ್ತವರಲ್ಲೂ ಅವರೇ ಹೆಚ್ಚಿರುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಒಂದೇ ಬಗೆಯ ಅಪಘಾತಕ್ಕೆ ಸಿಕ್ಕ ಇಬ್ಬರಲ್ಲಿ ಹೆಲ್ಮೆಟ್ ಇದ್ದವನ ಗತಿ ಏನಾಯಿತು, ಇಲ್ಲದವನ ಗತಿ ಏನಾಯಿತು? ಇದಕ್ಕೆ ಉತ್ತರ ಹುಡುಕಿ ಹಲವು ದೇಶಗಳ 61 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ಸಂಸ್ಥೆಯ 2008ರ ವಿಮರ್ಶೆ, ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42 ಪ್ರತಿಶತ, ತಲೆಪೆಟ್ಟಿನ ಅಪಾಯವನ್ನು ಸುಮಾರು 69 ಪ್ರತಿಶತ ತಗ್ಗಿಸುತ್ತದೆ ಎಂದು ಕಂಡಿತು. ನೂರಕ್ಕೆ ನೂರು ಅಲ್ಲ ಎಂಬುದೂ ಈ ಅಂಕಿಗಳಲ್ಲೇ ಇದೆ. ಎದೆ, ಹೊಟ್ಟೆಗೆ ಬಿದ್ದ ಪೆಟ್ಟಿಗೆ ಹೆಲ್ಮೆಟ್ ಏನೂ ಮಾಡಲಾರದು. ಲಾರಿಗೆ ನೇರ ಗುದ್ದಿದವನ ತಲೆಯನ್ನೂ ಎಲ್ಲ ಸಲ ಉಳಿಸಲಾರದು. "ಹೆಲ್ಮೆಟ್ ಹಾಕಿದವನೂ ಸತ್ತ" ಎಂಬ ಮಾತು ಪ್ರತಿ ಊರಿನಲ್ಲೂ ಇದ್ದೇ ಇರುತ್ತದೆ, ಅದು ಸುಳ್ಳಲ್ಲ. ಹೆಲ್ಮೆಟ್ ಇದ್ದುದರಿಂದ ಗೀರೂ ಇಲ್ಲದೆ ಎದ್ದು ಮನೆಗೆ ಹೋದವನು ಮಾತ್ರ ಸುದ್ದಿಯಾಗುವುದಿಲ್ಲ.

ಈ ಲೆಕ್ಕವನ್ನು ಮೊದಲು ಹಾಕಿದವರಲ್ಲಿ ಪ್ರಮುಖರು ಬ್ರಿಟನ್ನಿನ ಮಿದುಳು ಶಸ್ತ್ರವೈದ್ಯ ಹ್ಯೂ ಕೇರ್ನ್ಸ್. 1935ರ ಮೇ ತಿಂಗಳಲ್ಲಿ, ಅರೇಬಿಯಾದ ಲಾರೆನ್ಸ್ ಎಂದೇ ಹೆಸರಾಗಿದ್ದ ಬ್ರಿಟನ್ನಿನ ಮಾಜಿ ಸೇನಾಧಿಕಾರಿ ಟಿ. ಇ. ಲಾರೆನ್ಸ್, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟರ್‌ಸೈಕಲ್ಲಿನಿಂದ ಎಸೆಯಲ್ಪಟ್ಟು, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಕೇರ್ನ್ಸ್ ಒಬ್ಬರು. ಎರಡನೇ ಮಹಾಯುದ್ಧ ಆರಂಭವಾದ ಮೇಲೆ ದೀಪವಾರಿಸಿದ ಕತ್ತಲ ರಸ್ತೆಗಳಲ್ಲಿ ಸೇನೆಯ ಸಂದೇಶವಾಹಕರು ಸಾಲುಸಾಲಾಗಿ ಸಾಯತೊಡಗಿದಾಗ ಅವರು ದಾಖಲೆಗಳನ್ನು ಕೂಡಿಸಿ, 1941ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬರೆದರು: ಯುದ್ಧದ ಮೊದಲ 21 ತಿಂಗಳಲ್ಲಿ 2,279 ಮೋಟರ್‌ಸೈಕಲ್ ಸವಾರರು ಸತ್ತಿದ್ದರು, ಸಾವುಗಳಲ್ಲಿ ಬಹುಪಾಲು ತಲೆಪೆಟ್ಟಿನವು. ಹೆಲ್ಮೆಟ್ ಧರಿಸಿ ಪೆಟ್ಟು ತಿಂದವರು ಅವರಿಗೆ ಸಿಕ್ಕಿದ್ದು ಏಳೇ ಜನ. ಏಳೂ ಜನ ಬದುಕಿದ್ದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ನಾಗರಿಕರಿಗೆ ಆ ನಿಯಮ ಬರಲು 1973ರವರೆಗೆ ಕಾಯಬೇಕಾಯಿತು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ, ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಕತ್ತಲ ಘಟ್ಟದ ದಾರಿ ಹಿಡಿಯುವ ನಮ್ಮ ಹುಡುಗರನ್ನು ನೋಡುವಾಗ ಆ ಸಂದೇಶವಾಹಕರ ನೆನಪು ನನಗೆ ಬರುತ್ತದೆ.

ಹೆಲ್ಮೆಟ್ ಬೇಡವೆನ್ನುವವರ ಕಾರಣಗಳನ್ನು ಗೌರವದಿಂದ ಕೇಳಬೇಕು, ಏಕೆಂದರೆ ಅವೆಲ್ಲ ಸೋಮಾರಿತನದ ನೆಪಗಳಲ್ಲ. ಕಿವಿ ಕೇಳಿಸುವುದಿಲ್ಲ, ಪಕ್ಕ ಕಾಣುವುದಿಲ್ಲ ಎಂಬುದು ಸಾಮಾನ್ಯ ದೂರು. ಅಮೆರಿಕ ಮತ್ತು ಯುರೋಪಿನ ಮಾನದಂಡಗಳು ಹೆಲ್ಮೆಟ್ ಪ್ರತಿ ಬದಿಗೂ 105 ಡಿಗ್ರಿಯವರೆಗೆ ನೋಟ ಬಿಟ್ಟುಕೊಡಬೇಕೆನ್ನುತ್ತವೆ. ಅದು ನೇರ ಪಕ್ಕಕ್ಕಿಂತಲೂ ಸ್ವಲ್ಪ ಹಿಂದಿನವರೆಗೆ. ಲಾಸ್ ಏಂಜಲೀಸಿನಲ್ಲಿ ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ ಸುಮಾರು 900 ಅಪಘಾತಗಳನ್ನು ನಡೆದ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ಕೊಟ್ಟ ವರದಿ, ಹೆಲ್ಮೆಟ್ಟಿನಿಂದ ಕಿವಿಯೋ ಕಣ್ಣೋ ಮಂದವಾಗಿ ಅಪಘಾತವಾಗುತ್ತದೆ ಎಂಬುದಕ್ಕೆ ಆಧಾರ ಕಾಣಲಿಲ್ಲ. ಕುತ್ತಿಗೆಗೆ ಭಾರವಾಗಿ ಬೆನ್ನುಹುರಿ ಮುರಿಯುತ್ತದೆ ಎಂಬ ಅಂಜಿಕೆಯ ಬಗ್ಗೆ ಕೊಕ್ರೇನ್ ವಿಮರ್ಶೆ ತೀರ್ಮಾನ ಹೇಳುವಷ್ಟು ಆಧಾರವಿಲ್ಲ ಎಂದಿತ್ತು. 2011ರಲ್ಲಿ ಅಮೆರಿಕದ ಆಸ್ಪತ್ರೆ ದಾಖಲೆಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು, ಹೆಲ್ಮೆಟ್ ಇದ್ದವರಲ್ಲಿ ಕುತ್ತಿಗೆಯ ಮೂಳೆಯ ಗಾಯ ಕಡಿಮೆಯೇ ಎಂದು ಕಂಡಿತು.

ಸೆಖೆಯ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರದಲ್ಲೋ ಕುಮಟಾದಲ್ಲೋ ಸಮುದ್ರದ ಆವಿ ತುಂಬಿದ ಗಾಳಿಯಲ್ಲಿ ಹೆಲ್ಮೆಟ್ ಹಾಕುವುದು ನಿಜಕ್ಕೂ ಹಿಂಸೆ, ಅದನ್ನು ಅಲ್ಲಗಳೆದರೆ ಉಳಿದ ಮಾತನ್ನೂ ಯಾರೂ ನಂಬರು. ಮಳೆಗಾಲದಲ್ಲಿ ಇನ್ನೊಂದು ಬಗೆ: ಒಳಗಿನ ಬಟ್ಟೆ ಒಣಗುವುದೇ ಇಲ್ಲ, ಬೂಸಲು ವಾಸನೆ ಬರುತ್ತದೆ, ಉಸಿರಿನಿಂದ ಮುಂದಿನ ಗಾಜು ಮಂಜಾಗುತ್ತದೆ, ಗೀರುಬಿದ್ದ ಗಾಜಿನಲ್ಲಿ ಎದುರಿನ ಲಾರಿಯ ದೀಪ ನೂರು ಚೂರಾಗಿ ಕಾಣುತ್ತದೆ. ಇವಕ್ಕೆ ಸಣ್ಣ ಪರಿಹಾರಗಳಿವೆ. ಗಾಳಿಗಿಂಡಿ ಇರುವ, ಒಳಬಟ್ಟೆ ಬಿಚ್ಚಿ ತೊಳೆಯಲು ಬರುವ ಹೆಲ್ಮೆಟ್ ಕೊಳ್ಳುವುದು, ತಲೆಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿಕೊಳ್ಳುವುದು, ಗಾಜನ್ನು ಒಂದು ಕೂದಲೆಳೆಯಷ್ಟು ತೆರೆದಿಡುವುದು, ಗೀರಾದ ಗಾಜನ್ನು ಬದಲಾಯಿಸುವುದು. ಕೂದಲು ಉದುರುವುದಕ್ಕೆ ಹೆಲ್ಮೆಟ್ಟನ್ನು ದೂರುವವರು ಬೆವರಿನ ಕೊಳೆ ತುಂಬಿದ ಒಳಬಟ್ಟೆಯನ್ನು ಕೊನೆಯ ಸಲ ತೊಳೆದದ್ದು ಯಾವಾಗ ಎಂದು ನೆನಪಿಸಿಕೊಳ್ಳಬೇಕು.

ಮೊದಲು ರಸ್ತೆ ಸರಿಮಾಡಿ, ಆಮೇಲೆ ಹೆಲ್ಮೆಟ್ ಕೇಳಿ ಎಂಬ ಸಿಟ್ಟು ಈ ಜಿಲ್ಲೆಯಲ್ಲಿ ಬಲವಾಗಿದೆ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ, ಗುಡ್ಡ ಕಡಿದ ಅಂಚುಗಳು, ದೇವಿಮನೆ ಘಟ್ಟದ ಕಾಮಗಾರಿ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಕುಸಿದ ಗುಡ್ಡ, ಆಗಸ್ಟಿನಲ್ಲಿ ಕಾಳಿ ನದಿಗೆ ಬಿದ್ದ ಹಳೆಯ ಸೇತುವೆ, ಇಷ್ಟನ್ನು ಕಂಡವರಿಗೆ ಆ ಸಿಟ್ಟು ಬರದಿದ್ದರೇ ಆಶ್ಚರ್ಯ. ಹೆಲ್ಮೆಟ್ ಅಪಘಾತವನ್ನು ತಡೆಯುವುದಿಲ್ಲ. ಅಪಘಾತ ತಡೆಯುವುದು ಒಳ್ಳೆಯ ರಸ್ತೆ, ಕಡಿಮೆ ವೇಗ, ಸರಿಯಾದ ಬ್ರೇಕು, ಕುಡಿಯದ ಸವಾರ. ಆದರೆ ಈ ವಾದದ ಕೊನೆಯಲ್ಲಿ ಒಂದು ತಪ್ಪು ಹೆಜ್ಜೆಯಿದೆ. ಹೊಂಡ ಹೆಚ್ಚಿರುವ ಊರಿನಲ್ಲಿ ಬೀಳುವುದೂ ಹೆಚ್ಚು, ಆದ್ದರಿಂದ ರಸ್ತೆ ಕೆಟ್ಟಿರುವುದು ಹೆಲ್ಮೆಟ್ ಹಾಕಲು ಕಾರಣವಾಗುತ್ತದೆಯೇ ಹೊರತು ಬಿಡಲು ಅಲ್ಲ. ಆಡಳಿತವನ್ನು ಪ್ರಶ್ನಿಸುವುದಕ್ಕೂ ತಲೆ ಉಳಿದಿರಬೇಕಾಗುತ್ತದೆ.

ನನ್ನ ತಲೆ, ನನ್ನ ಇಷ್ಟ ಎಂಬುದು ಎಲ್ಲಕ್ಕಿಂತ ಗಂಭೀರವಾದ ವಾದ. ಅಮೆರಿಕದಲ್ಲಿ ಇದು ದೊಡ್ಡ ರಾಜಕೀಯ ಪ್ರಶ್ನೆಯೇ ಆಯಿತು. 1975ರ ಹೊತ್ತಿಗೆ ಕ್ಯಾಲಿಫೋರ್ನಿಯಾ ಬಿಟ್ಟು ಬಹುತೇಕ ಎಲ್ಲ ರಾಜ್ಯಗಳಲ್ಲೂ ಕಡ್ಡಾಯ ಕಾನೂನಿತ್ತು. 1976ರಲ್ಲಿ ಕೇಂದ್ರ ಸರ್ಕಾರ ತನ್ನ ಒತ್ತಡ ಹಿಂತೆಗೆದುಕೊಂಡೊಡನೆ ರಾಜ್ಯಗಳು ಒಂದೊಂದಾಗಿ ಅದನ್ನು ಸಡಿಲಿಸಿದವು. 2000ನೇ ಇಸವಿಯಲ್ಲಿ ಫ್ಲೋರಿಡಾ, 21 ವರ್ಷ ದಾಟಿ ವೈದ್ಯಕೀಯ ವಿಮೆ ಇರುವವರಿಗೆ ವಿನಾಯಿತಿ ಕೊಟ್ಟಿತು. ರಸ್ತೆಗಿಳಿದ ಮೋಟರ್‌ಸೈಕಲ್ಲುಗಳ ಸಂಖ್ಯೆ ಹೆಚ್ಚಿದ್ದನ್ನು ಲೆಕ್ಕಕ್ಕೆ ಹಿಡಿದರೂ ಅಲ್ಲಿ ಸವಾರರ ಸಾವಿನ ಪ್ರಮಾಣ ಏರಿತು. ನಮ್ಮಲ್ಲಿ ಆಂಧ್ರಪ್ರದೇಶದ ಹೆಲ್ಮೆಟ್ ನಿಯಮ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 1988ರಲ್ಲಿ ಒಪ್ಪಲಿಲ್ಲ. ಪ್ರಾಯಕ್ಕೆ ಬಂದವನು ತನ್ನ ಅಪಾಯವನ್ನು ತಾನೇ ಆರಿಸಿಕೊಳ್ಳಬಹುದು ಎಂಬ ತತ್ತ್ವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹಾಸಿಗೆ ಹಿಡಿದವನಿಗೆ ವರ್ಷಗಟ್ಟಲೆ ಅನ್ನ ತಿನ್ನಿಸುವ ಹೆಂಡತಿ, ಓದು ಬಿಟ್ಟು ತೋಟ ನೋಡಿಕೊಳ್ಳುವ ಮಗ, ಆಸ್ಪತ್ರೆಯ ಖರ್ಚಿಗೆ ಅಡವಿಟ್ಟ ಜಮೀನು, ಇವು ಯಾವುವೂ ಆ ಆಯ್ಕೆಯಲ್ಲಿ ಪಾಲುಗೊಂಡಿರಲಿಲ್ಲ.

ಹಿಂದೆ ಕುಳಿತವರ ವಿಷಯದಲ್ಲಂತೂ ಇಷ್ಟದ ಮಾತೇ ಬರುವುದಿಲ್ಲ. ಮೇಲೆ ಹೇಳಿದ 50,029ರಲ್ಲಿ 14,337 ಜನ ಹಿಂಬದಿ ಸವಾರರು. ನಮ್ಮ ಊರುಗಳಲ್ಲಿ ಹಿಂದೆ ಕೂರುವವರು ಹೆಚ್ಚಾಗಿ ಹೆಂಗಸರು. ಒಂದೇ ಬದಿಗೆ ಕಾಲು ಹಾಕಿ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ ಹಿಡಿದು, ಮುಡಿದ ಮಲ್ಲಿಗೆ ಬಾಡದಿರಲೆಂದು ತಲೆ ಬರಿದಾಗಿ ಕೂರುತ್ತಾರೆ. ಗಂಡನ ತಲೆಯ ಮೇಲೆ ಹೆಲ್ಮೆಟ್ ಇದ್ದು ಹೆಂಡತಿಯ ತಲೆ ಬರಿದಾಗಿರುವ ನೋಟ ನನಗೆ ಬಹಳ ನೋವು ಕೊಡುತ್ತದೆ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯ. ಮೋಟಾರು ವಾಹನ ಕಾಯ್ದೆಯ 129ನೇ ಕಲಮು, 2019ರ ತಿದ್ದುಪಡಿಯ ನಂತರ, ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಬೇಕೆನ್ನುತ್ತದೆ. ಪೇಟ ಧರಿಸುವ ಸಿಖ್ಖರಿಗೆ ಮಾತ್ರ ವಿನಾಯಿತಿ. ಕಾಯ್ದೆ ಹೇಳುವ ದಂಡ 1,000 ರೂಪಾಯಿ ಮತ್ತು ಮೂರು ತಿಂಗಳ ಪರವಾನಗಿ ರದ್ದು. ಕರ್ನಾಟಕ ದಂಡವನ್ನು 500ಕ್ಕೆ ಇಳಿಸಿತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಅಳತೆಗೆ ತಕ್ಕ ಹೆಲ್ಮೆಟ್, ಸವಾರನಿಗೆ ಕಟ್ಟುವ ಸುರಕ್ಷಾಪಟ್ಟಿ, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ.

ದಂಡದ ಭಯ ಒಂದು ಕೆಟ್ಟ ಮಾರುಕಟ್ಟೆಯನ್ನೂ ಬೆಳೆಸಿದೆ. ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಗುವ ಟೊಪ್ಪಿಯಂಥ ಅರ್ಧ ಹೆಲ್ಮೆಟ್ ಚಿಕ್ಕಪ್ಪನ ತಲೆಯಲ್ಲಿ ಬಿರುಕು ಬಿಟ್ಟ ಆ ತೆಳು ಎಲುಬನ್ನೇ ಮುಚ್ಚುವುದಿಲ್ಲ. ಹಲವದರ ಒಳಗೆ ಥರ್ಮಾಕೋಲೇ ಇರುವುದಿಲ್ಲ, ಬರಿಯ ಸ್ಪಂಜು. 2021ರ ಜೂನ್ 1ರಿಂದ ದೇಶದಲ್ಲಿ ಐಎಸ್‌ಐ ಮುದ್ರೆಯಿಲ್ಲದ ಬೈಕ್ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನುಬಾಹಿರ, ಮುದ್ರೆಯ ಜೊತೆ ಐಎಸ್ 4151 ಎಂಬ ಸಂಖ್ಯೆ ಇರಬೇಕು. ಕೊಳ್ಳುವಾಗ ಗದ್ದದವರೆಗೆ ಮುಚ್ಚುವ ಪೂರ್ಣ ಹೆಲ್ಮೆಟ್ಟನ್ನೇ ಆರಿಸುವುದು ಒಳ್ಳೆಯದು, ಏಕೆಂದರೆ ಮುಖ ಅಡಿಯಾಗಿ ಬೀಳುವುದು ಬಹಳ ಸಾಮಾನ್ಯ. ಹಾಕಿಕೊಂಡಾಗ ಕೆನ್ನೆ ಸ್ವಲ್ಪ ಒತ್ತಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯೊಡನೆಯೇ ತಿರುಗಬೇಕು. ಪಟ್ಟಿ ಬಿಗಿದು, ಹಿಂಬದಿಯ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿದರೆ ಕಳಚಬಾರದು. ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ; ಕಾಯ್ದೆಯೂ ಬಿಗಿಯಾಗಿ ಕಟ್ಟಿಕೊಳ್ಳಬೇಕೆಂದೇ ಹೇಳುತ್ತದೆ.

ಬಿದ್ದವರನ್ನು ಕಂಡವರು ತಿಳಿದಿರಬೇಕಾದದ್ದೂ ಇದೆ. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು, ಕುತ್ತಿಗೆಯ ಮೂಳೆ ಮುರಿದಿರಬಹುದು; ಗಾಜು ಮೇಲೆತ್ತಿ, 108ಕ್ಕೆ ಕರೆ ಮಾಡಿ, ತಲೆ ಅಲುಗದಂತೆ ಹಿಡಿದು ಕಾಯಬೇಕು. ಉಸಿರು ನಿಂತಿದ್ದರೆ ಮಾತ್ರ, ಒಬ್ಬರು ತಲೆ, ಕುತ್ತಿಗೆಯನ್ನು ಭದ್ರವಾಗಿ ಹಿಡಿದಿರುವಾಗ ಇನ್ನೊಬ್ಬರು ನಿಧಾನವಾಗಿ ತೆಗೆಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಎದ್ದು ಓಡಾಡುತ್ತಿದ್ದರೂ ತಲೆಗೆ ಪೆಟ್ಟಾದವರನ್ನು ವೈದ್ಯರಿಗೆ ತೋರಿಸಿ, ಒಂದು ದಿನವಾದರೂ ಒಂಟಿಯಾಗಿ ಬಿಡದೆ ನೋಡಿಕೊಳ್ಳಬೇಕು. ವಾಂತಿ, ಹೆಚ್ಚುವ ತಲೆನೋವು, ಅತಿಯಾದ ಮಂಪರು, ತೊದಲುವ ಮಾತು ಕಂಡರೆ ಹೊರಟುಬಿಡಬೇಕು.

ಚಿಕ್ಕಪ್ಪನ ಮನೆಯಲ್ಲಿ ಈಗ ಸ್ಕೂಟರಿನ ಕೀಲಿಯನ್ನು ಗೋಡೆಯ ಮೊಳೆಗೆ ಹಾಕುವುದಿಲ್ಲ. ಜಗುಲಿಯ ಮೂಲೆಯಲ್ಲಿ ಬೋರಲಾಗದಂತೆ ಇಟ್ಟ ಎರಡು ಹೆಲ್ಮೆಟ್ಟುಗಳಿವೆ, ಕೀಲಿ ಅವುಗಳಲ್ಲಿ ಒಂದರ ಒಳಗೆ ಇರುತ್ತದೆ. ಡೇರಿಗೆ ಹೊರಟವರೂ ಅದನ್ನು ಕೈಗೆತ್ತಿಕೊಂಡೇ ಅಂಗಳಕ್ಕೆ ಇಳಿಯುತ್ತಾರೆ.